ಕೆತ್ಸಿಯಾ, ಮರ್ಗಲಿತಳ ಮಗಳು

ನನ್ನ ಮಗಳಿಗೆ ಕೆತ್ಸಿಯಾ ಎಂದು ಹೆಸರಿಟ್ಟಾಗ ನಮ್ಮತ್ತೆ ಮೂಗು ಮುರಿದರು. ಬಾಗ್ದಾದಿನಿಂದ ಬಂದ ನಮ್ಮ ಯಹೂದಿ ಜನರಲ್ಲಿ ಮೊದಲ ಮೊಮ್ಮಗಳಿಗೆ ಬದುಕಿರುವ ಅಜ್ಜಿಯ ಹೆಸರನ್ನೇ ಇಡುವುದು ವಾಡಿಕೆ. ಅದು ಅಜ್ಜಿಗೆ ಸಲ್ಲುವ ಮರ್ಯಾದೆ. ಅತ್ತೆಯ ಹೆಸರು ಮಸೂದಾ. ಅದನ್ನು ಇನ್ನೊಂದು ಸಲ ಕೇಳಿಸಿಕೊಳ್ಳಬೇಕೆಂದು ಅವರು ನನ್ನ ಬಸಿರಿನುದ್ದಕ್ಕೂ ಕಾದು ಕೂತಿದ್ದರು. ತಾಯಿಯ ಎದುರು ಎಂದೂ ತುಟಿ ಬಿಚ್ಚದ ನನ್ನ ಗಂಡ ನಯೀಮ್ ಅದೊಂದು ದಿನ ಬಿಚ್ಚಿದ.

ನಮ್ಮದು ರಾಮತ್ ಗನ್ ಪೇಟೆಯಲ್ಲಿ ಮಸಾಲೆ ಅಂಗಡಿ. ನನಗೆ ನೋವು ಶುರುವಾದ ಬೆಳಿಗ್ಗೆ ನಯೀಮ್ ಕೆತ್ಸಿಯಾದ ಮೂಟೆ ಬಿಚ್ಚುತ್ತಿದ್ದನಂತೆ. ಕೆತ್ಸಿಯಾ ಎಂದರೆ ಬೇರೇನಲ್ಲ, ಚಕ್ಕೆ. ನಯವಾಗಿ ಸುರುಳಿ ಸುತ್ತಿಕೊಂಡು ಡಬ್ಬಿಯಲ್ಲಿ ಕೂರುವ ದಾಲ್ಚಿನ್ನಿಯಲ್ಲ, ಅದರ ಒರಟು ತಂಗಿ. ದಪ್ಪ ತೊಗಟೆ. ಕಡಿದರೆ ಮೊದಲು ನಾಲಿಗೆ ಚುರುಗುಟ್ಟುತ್ತದೆ, ಆಮೇಲೆ ಸಿಹಿ ಬರುತ್ತದೆ. ಕೈ ಕೂಡ ತೊಳೆಯದೆ ಆಸ್ಪತ್ರೆಗೆ ಓಡಿ ಬಂದ ನಯೀಮ್ ಮಗುವನ್ನು ಎತ್ತಿಕೊಂಡು ಮೂಸಿ, ಇದಕ್ಕೂ ಅದೇ ವಾಸನೆ ಕಣೇ ಎಂದ. ಅದು ಅವನ ಕೈಯದೇ ವಾಸನೆ ಎಂದು ನಾನು ಹೇಳಲಿಲ್ಲ. ಗಂಡಸು ಅಪರೂಪಕ್ಕೆ ಬಾಯಿ ಬಿಟ್ಟಾಗ ಅಡ್ಡ ಬಾಯಿ ಹಾಕಬಾರದು ಎಂಬಷ್ಟು ಬುದ್ಧಿ ನನಗೆ ಆಗಲೇ ಇತ್ತು.

ಆ ಹೆಸರು ಆಗ ಯಾರಿಗೂ ಇರಲಿಲ್ಲ. ಹೊಸ ತರಗತಿಗೆ ಹೋದಾಗಲೆಲ್ಲ ಟೀಚರು ಅವಳನ್ನು ಎಬ್ಬಿಸಿ ನಿಲ್ಲಿಸಿ ಅರ್ಥ ಕೇಳುತ್ತಿದ್ದರು. ಹುಡುಗಿಯರು ಮಸಾಲೆ, ಮಸಾಲೆ ಎಂದು ಕಾಡಿಸುತ್ತಿದ್ದರು. ಅವಳಿಗೇನೂ ಅನ್ನಿಸುತ್ತಿರಲಿಲ್ಲ. ಹೌದು, ಚೂರು ಹಾಕಿದರೆ ಘಮಘಮ, ಜಾಸ್ತಿ ಹಾಕಿದರೆ ಗಂಟಲು ಹಿಡಿಯುತ್ತೇನೆ, ಹುಷಾರು ಎನ್ನುತ್ತಿದ್ದಳು. ಬಾಯಿ ನನ್ನದೇ, ಸಂಶಯವಿಲ್ಲ. ಸಂಜೆ ಅಂಗಡಿಯ ಬಾಗಿಲಲ್ಲಿ ನಿಂತು ನಾನು ಅವಳ ಹೆಸರು ಕೂಗಿದರೆ ಅಷ್ಟು ದೊಡ್ಡ ಪೇಟೆಯಲ್ಲಿ ತಿರುಗುತ್ತಿದ್ದದ್ದು ಒಂದೇ ತಲೆ.

ಸೈನ್ಯದ ಕಡ್ಡಾಯ ಸೇವೆ ಮುಗಿಸಿ ಬಂದ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್ ಎಂದರು. ಆಸ್ಪತ್ರೆಯವರು ಅವರ ಕೆಲಸ ಮಾಡಿದರು, ನಾವು ನಮ್ಮದು ಮಾಡಿದೆವು. ಹಬೀಬಾ ಎಂದು ನನ್ನ ಗೆಳತಿ, ಪೇಟೆಯಲ್ಲಿ ಉಪ್ಪಿನಕಾಯಿ ಮಾರುವವಳು. ಅವಳ ಮನೆಯಲ್ಲಿ ನಾವು ಹೆಂಗಸರು ಸೇರುತ್ತಿದ್ದೆವು. ಪವಿತ್ರ ಗ್ರಂಥದ ಕೀರ್ತನೆಗಳನ್ನು ನಮ್ಮ ನಮ್ಮಲ್ಲೇ ಹಂಚಿಕೊಂಡು, ಒಟ್ಟಿಗೇ ಓದಿ, ಕೊನೆಗೆ ರೋಗಿಯ ಹೆಸರು ಹೇಳುವುದು. ರೋಗಿಗಾಗಿ ಬೇಡಿಕೊಳ್ಳುವಾಗ ನಮ್ಮಲ್ಲಿ ತಂದೆಯ ಹೆಸರು ಲೆಕ್ಕಕ್ಕಿಲ್ಲ. ಹೆತ್ತವಳ ಹೆಸರು ಹೇಳಬೇಕು. ಹಾಗಾಗಿ ದಿನವೂ ಅಷ್ಟೂ ಹೆಂಗಸರು ಒಂದೇ ಉಸಿರಿನಲ್ಲಿ 'ಕೆತ್ಸಿಯಾ, ಮರ್ಗಲಿತಳ ಮಗಳು' ಎನ್ನುತ್ತಿದ್ದರು. ಮರ್ಗಲಿತ್ ನಾನು. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ, ಗಿರಾಕಿಗೆ ಜೀರಿಗೆ ತೂಗುವಾಗಲೂ ನನ್ನ ತುಟಿ ಆ ಮಾತನ್ನೇ ಆಡುತ್ತಿತ್ತು.

ರೋಗ ಬಿಗಡಾಯಿಸಿದಾಗ ನಮ್ಮ ಧರ್ಮಗುರು, ರಬ್ಬಿ, ಹೆಸರಿನ ಮುಂದೆ 'ಹಯಾ' ಎಂದು ಸೇರಿಸೋಣ ಎಂದರು. ಹಯಾ ಎಂದರೆ ಬದುಕಿರುವವಳು. ಹೆಸರು ಬದಲಾದರೆ ಸಾವಿನ ದೂತನಿಗೆ ವಿಳಾಸ ತಪ್ಪುತ್ತದೆ ಎಂಬ ನಂಬಿಕೆ. ಮಗಳು ಒಪ್ಪಲಿಲ್ಲ.

"ಈ ಹೆಸ್ರನ್ನ ಇಲ್ಲಿನ ನರ್ಸ್‌ಗಳಿಗೇ ಒಂದ್ಸಲಕ್ಕೆ ಹೇಳಕ್ಕೆ ಬರಲ್ಲಮ್ಮ," ಎಂದಳು. "ಅವನಿಗೆಲ್ಲಿ ಬರುತ್ತೆ? ಹುಡುಕ್ಲಿ ಬಿಡು."

ಅವನು ಹುಡುಕಿದ.

ಮನೆಯಲ್ಲಿ ದುಃಖಕ್ಕೆ ಕೂತ ಆ ವಾರ ರಬ್ಬಿ ಬಂದು ಸಮಾಧಾನ ಹೇಳಿದರು. ಪವಿತ್ರ ಗ್ರಂಥದಲ್ಲಿ ಎಲ್ಲವನ್ನೂ ಕಳೆದುಕೊಂಡ ಒಬ್ಬ ಮನುಷ್ಯನಿದ್ದಾನೆ. ಆಸ್ತಿ ಹೋಗಿ, ಮಕ್ಕಳು ಸತ್ತು, ಮೈಯೆಲ್ಲ ಹುಣ್ಣಾಗಿ, ಕೊನೆಗೆ ದೇವರು ಕಣ್ಣು ತೆರೆದು ಅವನಿಗೆ ಮತ್ತೆ ಹೆಣ್ಣುಮಕ್ಕಳನ್ನು ಕೊಟ್ಟ. ದೇಶದಲ್ಲೇ ಅಷ್ಟು ಚೆಲುವೆಯರಿರಲಿಲ್ಲ. ಅವರಲ್ಲಿ ನಡುವಿನವಳ ಹೆಸರು ಕೆತ್ಸಿಯಾ. ಎಂಥ ಒಳ್ಳೆಯ ಹೆಸರು ಇಟ್ಟಿದ್ದೀರಿ ಮರ್ಗಲಿತ್ ಎಂದರು ರಬ್ಬಿ. ಮೊದಲು ಸತ್ತರಲ್ಲ, ಆ ಹೆಣ್ಣುಮಕ್ಕಳ ಹೆಸರೇನು ಎಂದು ನಾನು ಕೇಳಿದೆ. ಅವರು ಗಡ್ಡ ನೀವಿಕೊಂಡರು. ಅದು ಗ್ರಂಥದಲ್ಲಿ ಇಲ್ಲವಂತೆ.

ಅವತ್ತೇ ನನ್ನ ತಲೆಗೆ ಹುಳ ಹೊಕ್ಕಿದ್ದು. ಬದುಕಿದವರ ಹೆಸರು ಉಳಿಯಿತು, ಸತ್ತವರದು ಅಳಿಸಿಹೋಯಿತು. ನನ್ನ ಮಗಳಿಗೆ ಮಾತ್ರ ಹಾಗಾಗಬಾರದು. ನನಗೆ ಉಳಿದಿದ್ದವನು ಮಗ ಅವಿಶಾಯ್. ಅವನಿಗೆ ಮದುವೆಯಾಗಬೇಕು, ಹೆಣ್ಣುಮಗು ಹುಟ್ಟಬೇಕು, ಅದಕ್ಕೆ ಅಕ್ಕನ ಹೆಸರಿಡಬೇಕು, ನಾನು ಅಂಗಡಿ ಬಾಗಿಲಲ್ಲಿ ನಿಂತು ಆ ಹೆಸರನ್ನು ಕೂಗಬೇಕು. ಇಷ್ಟೇ ನಾನು ದೇವರಲ್ಲಿ ಕೇಳಿಕೊಂಡದ್ದು. ಅವನು ಅದರಲ್ಲೂ ಚೌಕಾಸಿ ಮಾಡುತ್ತಾನೆಂದು ನನಗೇನು ಗೊತ್ತಿತ್ತು.

ಅವಿಶಾಯ್ ಲಿಮೋರ್ ಎಂಬ ಹುಡುಗಿಯನ್ನು ಮದುವೆಯಾದ. ಒಳ್ಳೆಯ ಹುಡುಗಿ, ಅದನ್ನು ಇಲ್ಲ ಎನ್ನಲಾರೆ. ಅವಳ ಮನೆಯವರು ಪೋಲೆಂಡಿನ ಮೂಲದವರು. ಅವಳಮ್ಮ, ನನ್ನ ಬೀಗಿತ್ತಿ ಹಿಂದಾ, ಮೀನಿಗೂ ಸಕ್ಕರೆ ಹಾಕುವ ಜಾತಿ. ಲಿಮೋರ್ ಬಸುರಿಯಾಗಿ, ಹೆಣ್ಣೆಂದು ಗೊತ್ತಾದ ಮೇಲೆ ಒಂದು ಶನಿವಾರ, ನಮ್ಮ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಊಟಕ್ಕೆ ಎಲ್ಲರನ್ನೂ ಕರೆದಿದ್ದೆ. ಹಿಂದಿನ ಸಂಜೆಯಿಂದ ಸಣ್ಣ ಉರಿಯಲ್ಲಿಟ್ಟ ಕೋಳಿ ಅನ್ನವನ್ನು ತಳ ಕೆರೆದು ಬಡಿಸುತ್ತ, ಆಡಬೇಕಾದ್ದನ್ನು ಆಡಿಬಿಟ್ಟೆ. ಹಿಂದಾ ಚಮಚ ಕೆಳಗಿಟ್ಟಳು.

"ಮರ್ಗಲಿತ್, ಬೇಜಾರ್ ಮಾಡ್ಕೋಬೇಡ," ಎಂದಳು. "ಸತ್ತೋರ ಹೆಸ್ರು ಇಡೋದು ನಮ್ಮಲ್ಲೂ ಉಂಟು. ಆದ್ರೆ ಮೊಮ್ಮಕ್ಕಳನ್ನ ಕಂಡು, ವಯಸ್ಸಾಗಿ ಹೋದೋರ್ದು. ಚಿಕ್ಕ ವಯಸ್ಸಲ್ಲಿ ಹೋದೋರ ಹೆಸ್ರನ್ನ ಕೂಸಿನ ತಲೆ ಮೇಲೆ ಹೊರಿಸಲ್ಲ. ಹೆಸರಿನ ಜೊತೆ ಆಯಸ್ಸೂ ಬರುತ್ತೆ ಅಂತಾರೆ."

ನನ್ನ ಮಗಳ ಹೆಸರು ಅಂಟುರೋಗವೇನೋ ಎಂಬ ಹಾಗೆ ಅವಳು ಮಾತಾಡಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಲ್ಲಿ ಅಂಥದ್ದೇನಿಲ್ಲ, ನಾವು ಬದುಕಿದವರ ಹೆಸರನ್ನೂ ಇಡುತ್ತೇವೆ, ಸತ್ತವರದ್ದನ್ನೂ ಇಡುತ್ತೇವೆ, ನಾವು ದೇವರಿಗೆ ಹೆದರುತ್ತೇವೆಯೇ ಹೊರತು ಹೆಸರಿಗಲ್ಲ ಎಂದು ಕಟುವಾಗಿಯೇ ಹೇಳಿದೆ. ಅವಿಶಾಯ್ ತಟ್ಟೆಯ ಕಡೆ ನೋಡುತ್ತಿದ್ದ. ನಯೀಮ್ ಎದ್ದು ಇನ್ನೂ ಒಣಗಿರದ ತನ್ನ ಕೈಯನ್ನು ಮತ್ತೆ ತೊಳೆಯಲು ಹೋದ. ಲಿಮೋರ್ ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಆ ಕೈಗಳನ್ನು ನೋಡಿದ ಮೇಲೆ ನಾನು ಮತ್ತೆ ಪಾತ್ರೆಯ ತಳ ಕೆರೆಯತೊಡಗಿದೆ. ಹೆದರಿದ ತಾಯಿಯ ಎದುರು ಯಾವ ಸಂಪ್ರದಾಯ ಇಟ್ಟು ವಾದ ಮಾಡುವುದು? ನಾನೂ ಹಾಗೆ ಕೈಯಿಟ್ಟುಕೊಂಡು ಕೂತವಳೇ.

ಆದರೂ ಆಸೆ ಬಿಟ್ಟಿರಲಿಲ್ಲ. ಲಿಮೋರ್ ಓದಿದವಳು, ಅಮ್ಮನ ಮಾತು ಇವತ್ತಿಗೆ, ನಾಳೆ ಕರಗುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಆ ಧಾರಾವಾಹಿ ವಕ್ಕರಿಸಿತು.

ಅದರ ನಾಯಕಿ ಲಾಯರು. ಚರ್ಮದ ಜಾಕೀಟು ಹಾಕಿಕೊಂಡು, ಮೋಟಾರ್ ಸೈಕಲ್ ಹತ್ತಿ ಕೋರ್ಟಿಗೆ ಬರುತ್ತಾಳೆ, ಗಂಡಸರನ್ನೆಲ್ಲ ಮಣ್ಣು ಮುಕ್ಕಿಸುತ್ತಾಳೆ. ಆಕೆಯ ಹೆಸರು ಕೆತ್ಸಿಯಾ. ಬರೆದವನಿಗೆ ಆ ಹೆಸರು ಎಲ್ಲಿ ಸಿಕ್ಕಿತೋ, ಅವನ ಕೈ ಸೇದಿಹೋಗ. ಇಡೀ ದೇಶ ಅದಕ್ಕೆ ಮರುಳಾಯಿತು. ಕೆಲವೇ ತಿಂಗಳ ಹಿಂದೆ ಹೆಸರು ಕೇಳಿ ಹುಬ್ಬು ಗಂಟಿಕ್ಕುತ್ತಿದ್ದವರು ಈಗ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ಅದನ್ನೇ ಇಡತೊಡಗಿದರು. ನಾಯಿಮರಿಗೆ ಇಟ್ಟವರೂ ಉಂಟು. ಹೆಸರಿಡುವ ಸಮಾರಂಭದಲ್ಲಿ ಬಂದವರಿಗೆ ರಿಬ್ಬನ್ ಕಟ್ಟಿ ಕೊಡಲು ಚಕ್ಕೆಯ ತುಂಡು ಬೇಕೆಂದು ಚಿಕ್ಕ ಚಿಕ್ಕ ತಾಯಂದಿರು ನಮ್ಮ ಅಂಗಡಿಗೆ ಬರತೊಡಗಿದರು. ಇದೇನಾ ಕೆತ್ಸಿಯಾ, ಇಷ್ಟು ಒರಟಾಗಿದೆಯಲ್ಲ ಎಂದು ತಿರುಗಿಸಿ ನೋಡಿ, ಕೊನೆಗೆ ದಾಲ್ಚಿನ್ನಿಯ ನಯವಾದ ಸುರುಳಿಯನ್ನೇ ಒಯ್ಯುತ್ತಿದ್ದರು. ಹೆಸರು ಇದರದ್ದು, ಚಂದ ಅದರದ್ದು. ನಾನು ತೂಗಿ ಕೊಡುತ್ತಿದ್ದೆ. ಇನ್ನೇನು ಮಾಡಲಿ, ಹೆಸರಿಗೆ ಬೀಗ ಹಾಕಲಾಗುತ್ತದೆಯೇ?

ಎಲ್ಲಕ್ಕಿಂತ ಕಷ್ಟವಾಗಿದ್ದು ದಾರಿಯಲ್ಲಿ. ಪೇಟೆಯ ಹಿಂದಿನ ಉದ್ಯಾನದಲ್ಲಿ ಯಾವಳೋ ತಾಯಿ 'ಕೆತ್ಸಿಯಾ' ಎಂದು ಕೂಗಿದರೆ ಕೈಚೀಲ ಹಿಡಿದು ಹೋಗುತ್ತಿದ್ದ ನಾನು ಗಕ್ಕನೆ ನಿಂತು ತಿರುಗುತ್ತಿದ್ದೆ. ಪ್ರತಿ ಸಲವೂ. ನೋಡಿದರೆ ತಳ್ಳುಗಾಡಿಯಲ್ಲಿ ಮೂಗು ಸೋರಿಸಿಕೊಂಡ ಯಾವುದೋ ಹಸುಗೂಸು. ಪಾಪ, ಅದರದ್ದೇನು ತಪ್ಪು? ಯಾರಿಗೆ ಹೋಗಿ ದೂರು ಕೊಡಲಿ? ಈ ಹೆಸರು ನನ್ನ ಮಗಳದ್ದು, ನೀವು ಬೇರೆ ಹುಡುಕಿಕೊಳ್ಳಿ ಎನ್ನಲೇ?

ಈಗ ಲಿಮೋರ್‌ಗೆ ಇನ್ನೊಂದು ಕಾರಣ ಸಿಕ್ಕಿತು. ಒಂದು ದಿನ ಅಂಗಡಿಗೆ ಬಂದು, ನನ್ನ ಪಕ್ಕದ ಸ್ಟೂಲಿನ ಮೇಲೆ ಕಷ್ಟಪಟ್ಟು ಕೂತು, ಮೆತ್ತಗೆ ಹೇಳಿದಳು.

"ಅತ್ತೆ, ಅಮ್ಮನ ಮಾತು ಬಿಡಿ. ನಾನೇ ಯೋಚ್ನೆ ಮಾಡಿದ್ದೆ, ಇಡೋಣ ಅಂತ. ಆದ್ರೆ ಈಗ ಇಟ್ರೆ ಟಿವಿ ನೋಡ್ಕೊಂಡು ಇಟ್ರು ಅಂತಾರೆ. ಅತ್ತಿಗೆ ನೆನಪಿಗೆ ಅಂತ ಎಷ್ಟ್ ಜನಕ್ಕೆ ಬಿಡಿಸಿ ಹೇಳ್ಲಿ?"

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಮೊದಲು ಆ ಹೆಸರು ಒಬ್ಬಳದ್ದೇ ಆಗಿತ್ತು, ಅದಕ್ಕೇ ಇಡಬಾರದು ಎಂದರು. ಈಗ ಎಲ್ಲರದ್ದೂ ಆಗಿದೆ, ಅದಕ್ಕೂ ಇಡಬಾರದು. ನಾನು ಅವಳ ಕೈಗೆ ಒಂದು ಹಿಡಿ ಬಾದಾಮಿ ಕೊಟ್ಟು ಕಳಿಸಿದೆ.

ಮಗು ಹುಟ್ಟಿತು. ಅಲ್ಮಾ ಎಂದು ಕರೆದರು. ಅದೇನು ಅಪರೂಪದ ಹೆಸರೇ? ರಾಮತ್ ಗನ್ನಿನಲ್ಲಿ ಅಲ್ಮಾ ಬೀದಿಗೊಬ್ಬಳಿದ್ದಾಳೆ. ಹೆಣ್ಣುಮಗುವಾದರೆ ತಂದೆ ಪ್ರಾರ್ಥನಾ ಮಂದಿರದಲ್ಲಿ ಗ್ರಂಥದ ಮುಂದೆ ನಿಂತಾಗ ಮಗುವಿನ ಹೆಸರನ್ನು ಸಭೆಗೆ ಸಾರುತ್ತಾರೆ. ಆ ಸಬ್ಬತ್ತಿನಂದು ನಾನೂ ಹಿಂದಾಳೂ ಹೆಂಗಸರ ಕಡೆ, ಪರದೆಯ ಹಿಂದೆ ನಿಂತಿದ್ದೆವು. ಎಲ್ಲರೂ ಮಿಠಾಯಿ ಎರಚಲು ಮುಷ್ಟಿ ಕಟ್ಟಿಕೊಂಡಿದ್ದರು. ಹಿಂದಾ ನನ್ನ ಕಿವಿಯಲ್ಲಿ ಮಗುವಿಗೆ ಕೊಡುವ ಹಾಲಿನ ಪುಡಿಯ ಬಗ್ಗೆ ಏನೋ ಹೇಳುತ್ತಿದ್ದಳು. ಹುಡುಗಿಯರು ನಾಲಿಗೆ ಹೊರಳಿಸಿ ಉಲುಉಲು ಎಂದು ಕೂಗಿದರು, ಮಿಠಾಯಿ ಹಾರಿತು, ಮುಗಿಯಿತು.

ಮನೆಗೆ ನಡೆದು ಬರುವಾಗ ನಯೀಮ್ ನಿಧಾನಿಸಿ ನನ್ನ ಪಕ್ಕಕ್ಕೆ ಬಂದ.

"ಕೇಳಿಸ್ತಾ?" ಎಂದ.

ಏನು ಎಂದೆ.

"ಅವಿಶಾಯ್ ಎರಡು ಹೆಸ್ರು ಹೇಳಿಸ್ದ. ಅಲ್ಮಾ ಬರೀ ಕರೆಯಕ್ಕಂತೆ. ಪ್ರಾರ್ಥನೆಗೆ ನಮ್ಮ ಮಗಳ್ದೇ ಹೆಸ್ರು. ಲಿಮೋರ್‌ಗೂ ಗೊತ್ತು. ಮನೇಲಿ ಮಾತ್ರ ಯಾರೂ ಆಡ್ಬಾರ್ದು ಅಂತ ಒಪ್ಪಂದ."

ನಾನು ಅಲ್ಲೇ ಒಂದು ಮನೆಯ ಕಾಂಪೌಂಡಿನ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಕಾದದ್ದು ಅಲ್ಲಿ, ಪರದೆಯ ಆಚೆ, ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ನಡೆದುಹೋಗಿತ್ತು. ನನ್ನ ಕಿವಿಗೆ ಬಿದ್ದದ್ದು ಹಾಲಿನ ಪುಡಿ. ನಗು ಬಂತು, ಅಳುವೂ ಬಂತು. ನಯೀಮ್ ತನ್ನ ಟೋಪಿ ತೆಗೆದು ನನಗೆ ಗಾಳಿ ಹಾಕಿದ.

ಮಗ ಮಾಡಿದ್ದು ದೊಡ್ಡ ಕೆಲಸ. ಆದರೆ ಆಮೇಲೆ ಕೂತು ಯೋಚಿಸಿದೆ. ಪ್ರಾರ್ಥನೆಯ ಹೆಸರನ್ನು ನಾವು ಯಾವಾಗ ಬಾಯಿಗೆ ತರುತ್ತೇವೆ? ಮದುವೆಯ ಕರಾರು ಓದುವಾಗ. ಅದನ್ನು ನೋಡಲು ನಾನಿರುವುದಿಲ್ಲ. ಸಮಾಧಿಯ ಕಲ್ಲಿನ ಮೇಲೆ. ಅದು ನನ್ನ ಕಣ್ಣಿಗೆ ಬೀಳುವುದೇ ಬೇಡ. ಇನ್ನು ಉಳಿದದ್ದು ಕಾಯಿಲೆ. ಆ ಹೆಸರನ್ನು ಮತ್ತೆ ಕೇಳಬೇಕೆಂದು ಹಂಬಲಿಸಿದ ನಾನೇ, ಕೇಳಿಸದೇ ಇರಲಪ್ಪಾ ಎಂದು ಬೇಡಿಕೊಳ್ಳತೊಡಗಿದೆ.

ಅಲ್ಮಾ ಗೋಡೆ ಹಿಡಿದು ನಡೆಯಲು ಕಲಿತ ಚಳಿಗಾಲದಲ್ಲಿ ಅದು ಬಂದೇ ಬಂತು. ಬೆಳಿಗ್ಗೆ ಅಂಗಡಿಯಲ್ಲಿ ಅರಿಶಿನ ತುಂಬಿಸುತ್ತಿದ್ದೆ. ಅವಿಶಾಯ್ ಫೋನ್ ಮಾಡಿದ. ಮಗುವಿಗೆ ಜ್ವರ ನೆತ್ತಿಗೇರಿ, ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡಿತಂತೆ. ಆಸ್ಪತ್ರೆಯಲ್ಲಿದ್ದಾರೆ. ಮೆದುಳಿಗೆ ಏರಿದೆಯೋ ಎಂದು ಬೆನ್ನಿನಿಂದ ನೀರು ತೆಗೆದು ನೋಡುತ್ತಾರಂತೆ.

"ಅಮ್ಮಾ," ಎಂದ. "ನಿನ್ನ ಹೆಂಗಸ್ರಿಗೆ ಹೇಳಮ್ಮ. ಓದ್ಸು."

ನನಗೆ ಅಂಗಡಿ ಮುಚ್ಚಿದ್ದು ನೆನಪಿಲ್ಲ. ಹಬೀಬಾಳ ಮನೆಗೆ ಹೇಗೆ ಹೋದೆನೋ ಅದೂ ನೆನಪಿಲ್ಲ. ಅವಳು ಉಪ್ಪಿನಕಾಯಿಯ ಕೈಯನ್ನು ಒರೆಸಿಕೊಳ್ಳುತ್ತಲೇ ಒಬ್ಬೊಬ್ಬರಿಗೂ ಫೋನ್ ಮಾಡಿ ಕರೆದಳು. ಅವರೇ ಹೆಂಗಸರು, ಅದೇ ಕೋಣೆ, ಅದೇ ಸೋಫಾ. ಒಬ್ಬಿಬ್ಬರ ಕನ್ನಡಕ ದಪ್ಪವಾಗಿತ್ತು, ಅಷ್ಟೇ. ಕೀರ್ತನೆಗಳನ್ನು ಹಂಚಿಕೊಂಡರು. ಯಾರಿಗಾಗಿ ಎಂದು ಹಬೀಬಾ ಕೇಳಿದಳು. ಮೊಮ್ಮಗಳಿಗೆ ಎಂದೆ. ಎಲ್ಲರೂ ಓದತೊಡಗಿದರು. ಜೇನುಗೂಡಿನ ಹಾಗೆ ಕೋಣೆಯೆಲ್ಲ ಗುಂಯ್‌ಗುಡುತ್ತಿತ್ತು. ನಾನು ಓದುತ್ತಿದ್ದೆ, ಬೇಡುತ್ತಿದ್ದೆ, ಪ್ರತಿ ಕೀರ್ತನೆಯ ಕೊನೆಗೂ ಹೆಸರು ಹೇಳುತ್ತಿದ್ದೆ. ನಾಲಿಗೆ ತಾನೇ ತಾನಾಗಿ ಹೊರಳುತ್ತಿತ್ತು. ಎಷ್ಟೋ ವರ್ಷದ ಮೇಲೆ ಆ ಮಾತನ್ನು ಅಷ್ಟು ಗಟ್ಟಿಯಾಗಿ ಆಡುತ್ತಿದ್ದೇನೆಂದು ಎದೆಯ ಒಳಗೆ ಎಲ್ಲೋ, ಹೇಳಿಕೊಳ್ಳಲು ನಾಚಿಕೆ, ಒಂದು ಚೂರು ಹಿತವೂ ಆಯಿತು.

ಸುತ್ತಲಿನ ದನಿ ಒಂದೊಂದಾಗಿ ನಿಂತದ್ದು ನನಗೆ ತಡವಾಗಿ ಗೊತ್ತಾಯಿತು. ತಲೆಯೆತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹಬೀಬಾ ಎದ್ದು ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ಮಂಡಿನೋವಿನವಳು, ನೆಲಕ್ಕೆ ಕೂರುವವಳೇ ಅಲ್ಲ.

"ಮರ್ಗಲಿತ್, ನೀನು ಏನ್ ಹೆಸ್ರು ಹೇಳ್ತಿದ್ದೀಯ?"

"ಕೆತ್ಸಿಯಾ," ಎಂದೆ. "ಕೆತ್ಸಿಯಾ, ಮರ್ಗಲಿತಳ ಮಗಳು."

"ಅವಳು ಹೋಗಿ ಎಷ್ಟೋ ವರ್ಷ ಆಯ್ತಲ್ಲೇ, ನನ್ನಮ್ಮ," ಎಂದಳು ಹಬೀಬಾ. "ಈ ಕೂಸು ನೀನು ಹೆತ್ತಿದ್ದಲ್ಲ."

ಅಷ್ಟು ಹೊತ್ತೂ ನಾನು ಮಣ್ಣಿನಲ್ಲಿ ಮಲಗಿದವಳಿಗೆ ಆರೋಗ್ಯ ಕೊಡು ಎಂದು ದೇವರ ಬಾಗಿಲು ಬಡಿಯುತ್ತಿದ್ದೆ. ಬದುಕಿರುವ ಮಗು ಅಲ್ಲಿ ಬೆಂಕಿಯ ಹಾಗೆ ಸುಡುತ್ತಿತ್ತು, ಅದರ ಪರವಾಗಿ ಒಂದು ಮಾತೂ ಹೋಗಿರಲಿಲ್ಲ. ಸರಿಪಡಿಸಬೇಕಾದವಳು ನಾನೇ. ಮಗುವಿನ ಪ್ರಾರ್ಥನೆಯ ಹೆಸರನ್ನು ಬಲ್ಲವಳು ಅಲ್ಲಿ ನಾನೊಬ್ಬಳೇ. ಎರಡೇ ಮಾತು. ಆ ಹೆಸರಿನ ಪಕ್ಕದಿಂದ ನನ್ನ ಹೆಸರನ್ನು ನಾನೇ ಕಿತ್ತು ತೆಗೆಯಬೇಕಿತ್ತು. ಸಮಾಧಿಯ ಕಲ್ಲನ್ನು ಬಿಟ್ಟರೆ ನಾವಿಬ್ಬರೂ ಒಟ್ಟಿಗೆ ಉಳಿದಿದ್ದದ್ದು ಅದೊಂದೇ ಮಾತಿನಲ್ಲಿ.

ಹಬೀಬಾ ನನ್ನ ಎರಡೂ ಕೈ ಹಿಡಿದುಕೊಂಡು ಕಾಯುತ್ತಿದ್ದಳು.

"ಕೆತ್ಸಿಯಾ," ಎಂದೆ. "ಲಿಮೋರಳ ಮಗಳು."

ಹೆಂಗಸರೆಲ್ಲ ಒಟ್ಟಿಗೆ ಅದನ್ನೇ ಹೇಳಿದರು. ಮತ್ತೆ ಮೊದಲಿನಿಂದ ಓದತೊಡಗಿದರು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಬೆನ್ನಿನ ನೀರಿನಲ್ಲಿ ಏನೂ ಇರಲಿಲ್ಲ. ಕಿವಿಯ ಸೋಂಕು, ಜ್ವರ ನೆತ್ತಿಗೇರಿ ಹಾಗಾಗಿದೆ, ಇಳಿಯುತ್ತಿದೆ ಎಂದರು. ಮಗು ಸೋತು ಮಲಗಿತ್ತು, ಹಣೆಯ ಮೇಲೆ ಕೂದಲು ಅಂಟಿಕೊಂಡಿತ್ತು. ನಾನು ಬಗ್ಗಿ ಮೂಸಿದೆ. ಔಷಧಿಯ ವಾಸನೆ. ಲಿಮೋರ್ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಗೋಡೆಗೆ ಒರಗಿ ನಿಂತಳು. ಕಣ್ಣು ಊದಿಕೊಂಡಿತ್ತು.

"ಅತ್ತೆ, ನಿಮ್ಗೆ ಕೈ ಮುಗೀತೀನಿ," ಎಂದಳು. "ನಂಗೆ ಇಂಥದ್ರಲ್ಲೆಲ್ಲ ನಂಬಿಕೆ ಇಲ್ಲ. ಆದ್ರೂ ಆ ಹೆಸ್ರು ಇನ್ನೊಂದ್ಸಲ ಯಾರ ಬಾಯಲ್ಲೂ ಬರೋದು ಬೇಡ."

ಆಗಲಿ ಎಂದೆ. ಅದರಲ್ಲಿ ವಾದವೇನಿದೆ? ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಜೋರಾಗಿ ಹೇಳುತ್ತಿದ್ದೆ. ನನ್ನ ಮಗಳ ಹೆಸರು ಈಗ ಆ ಕೂಸಿನೊಳಗೆ ಭದ್ರವಾಗಿದೆ, ಯಾರೂ ಅದನ್ನು ಕರೆಯುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಸಮಾಧಾನವಾಗಲಿಲ್ಲ. ಇಂದಿಗೂ ಆಗಿಲ್ಲ.

ಈಗ ಅಲ್ಮಾಗೆ ಮಾತು ಬಂದಿದೆ. ಬಾಯಿ ಜೋರು, ನನ್ನ ಜೀರಿಗೆ ಡಬ್ಬಿಗಳನ್ನೆಲ್ಲ ಬಗ್ಗಿಸುತ್ತಾಳೆ, ಚಕ್ಕೆ ಕಡಿದು ಥೂ ಎಂದು ಉಗಿಯುತ್ತಾಳೆ, ಸ್ವಲ್ಪ ಹೊತ್ತಿಗೆ ಇನ್ನೊಂದು ತುಂಡು ಕೇಳುತ್ತಾಳೆ. ಸಂಜೆ ಪೇಟೆಯ ಹಿಂದಿನ ಉದ್ಯಾನಕ್ಕೆ ಕರೆದೊಯ್ಯುತ್ತೇನೆ. ನಿನ್ನೆ ಅವಳು ಮರಳಿನಲ್ಲಿ ಗುಂಡಿ ತೋಡುತ್ತಿದ್ದಳು, ನಾನು ಪಕ್ಕದ ಬೆಂಚಿನಲ್ಲಿ ಕೂತು ಬೀಜ ಬಿಡಿಸಿ ತಿನ್ನುತ್ತಿದ್ದೆ. ಜಾರುಬಂಡೆಯ ಹತ್ತಿರದಿಂದ ಒಬ್ಬ ತಾಯಿ ಮನೆಗೆ ಹೊರಡಲು ಕೂಗಿದಳು.

"ಕೆತ್ಸಿಯಾ!"

ಉಯ್ಯಾಲೆಯಲ್ಲಿದ್ದ ಒಬ್ಬಳು ತಿರುಗಿದಳು. ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದ ಇನ್ನೊಬ್ಬಳು ತಿರುಗಿದಳು. ನಾನೂ ಎಂದಿನ ಹಾಗೆ ತಿರುಗಿದೆ. ಆ ಹೆಸರಿನ ಮೂರನೆಯವಳು ಮರಳು ತೋಡುತ್ತಲೇ ಇದ್ದಳು.

ಆಮೇಲೆ ನಾನು ಅತ್ತ ನೋಡುತ್ತಿರುವುದು ಕಂಡು ಅವಳೂ ಎದ್ದು ನಿಂತಳು. ಮರಳು ಮೆತ್ತಿದ ಕೈಯನ್ನು ನನ್ನ ಮಂಡಿಯ ಮೇಲಿಟ್ಟು, ನಾನು ನೋಡಿದ ಕಡೆಗೇ ಕತ್ತು ಚಾಚಿ ನೋಡಿದಳು.

"ಅದ್ಯಾರು ಅಜ್ಜಿ?" ಎಂದಳು.

"ಯಾರೂ ಇಲ್ಲ ಕಣೇ ಮರಿ," ಎಂದೆ. "ನೀನು ಆಡ್ಕೋ."